ಪಕ್ಕದ ಮನೆಯವರ ಪ್ಲಾನಿಂಗ್ ಅರ್ಜಿಗೆ ಅಭಿಪ್ರಾಯ ಬರೆಯಬೇಕು, ಹೇಗೆ? (ಇಂಗ್ಲೆಂಡ್)

ಹಿತ್ತಲಬಾಗಿಲು:

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡ್‌ನಲ್ಲಿ. ಹೋದ ವಾರ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಒಂದು ಕಾಗದ ಬಂತು. ಪಕ್ಕದ ಮನೆಯವರು ಹಿಂದುಗಡೆ ಎರಡು ಅಂತಸ್ತಿನ ಎಕ್ಸ್‌ಟೆನ್ಷನ್ ಕಟ್ಟೋಕೆ ಅರ್ಜಿ ಹಾಕಿದ್ದಾರೆ, ಏನಾದರೂ ಹೇಳೋದಿದ್ದರೆ 21 ದಿನದೊಳಗೆ ಹೇಳಿ ಅಂತ. ವೆಬ್‌ಸೈಟ್‌ನಲ್ಲಿ ನಕ್ಷೆ ತೆಗೆದು ನೋಡಿದೆ. ಮೇಲಂತಸ್ತಿನಲ್ಲಿ ನಮ್ಮ ಕಡೆಗೇ ಒಂದು ಕಿಟಕಿ ಇಟ್ಟಿದ್ದಾರೆ. ಅಲ್ಲಿ ನಿಂತರೆ ನಮ್ಮ ಹಿತ್ತಲು ಪೂರ್ತಿ ಕಾಣುತ್ತೆ. ಅಡುಗೆಮನೆಗೆ ಬರೋ ಬೆಳಕೂ ಕಡಿಮೆ ಆಗುತ್ತೆ ಅಂತ ಭಯ.

ಅವರು ಒಳ್ಳೆಯ ಜನ. 6 ವರ್ಷದಿಂದ ಪರಿಚಯ, ನಾವು ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕೋದು ಅವರೇ. ನಮ್ಮ ಮನೆಯವರು "ಸುಮ್ನೆ ಬಿಡು, ನೆರೆಯವರ ಜೊತೆ ಯಾಕೆ ಮನಸ್ತಾಪ" ಅಂತಾರೆ. ನನಗೆ ಬಿಡೋಕೆ ಮನಸ್ಸು ಬರ್ತಾ ಇಲ್ಲ. ಬರೆದರೆ ನಮ್ಮ ಹೆಸರು ಅವರಿಗೆ ಗೊತ್ತಾಗುತ್ತಾ? ಏನು ಬರೆಯಬೇಕು? ಅದನ್ನು ಯಾರಾದರೂ ಓದ್ತಾರಾ? ಇನ್ನು 9 ದಿನ ಇದೆ ಅಷ್ಟೇ.

ಕಡತಗಳ ನಡುವೆ:

ಖಂಡಿತ ಬರೆಯಿರಿ. ನಾನು ಇಲ್ಲಿ ಒಂದು ಕೌನ್ಸಿಲ್‌ನ ಪ್ಲಾನಿಂಗ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು. ಬಂದ ಪತ್ರಗಳನ್ನೆಲ್ಲ ನಾವು ಓದುತ್ತಿದ್ದೆವು. ಪ್ರತಿ ಅರ್ಜಿಗೂ ಒಬ್ಬ ಕೇಸ್ ಆಫೀಸರ್ ಇರುತ್ತಾರೆ, ಜನ ಏನು ಹೇಳಿದರು, ಅದಕ್ಕೆ ನಮ್ಮ ಉತ್ತರ ಏನು ಅನ್ನೋದನ್ನು ಅವರು ವರದಿಯಲ್ಲಿ ಬರೆಯಲೇಬೇಕು.

ಮೊದಲು ಹೆಸರಿನ ವಿಷಯ. ನಿಮ್ಮ ಹೆಸರು, ವಿಳಾಸ ಸಾಮಾನ್ಯವಾಗಿ ಪತ್ರದ ಜೊತೆಗೇ ವೆಬ್‌ಸೈಟ್‌ಗೆ ಹೋಗುತ್ತೆ. ಫೋನ್ ನಂಬರ್, ಇಮೇಲ್, ಸಹಿ ಮರೆಮಾಡುತ್ತಾರೆ. ಹೆಸರಿಲ್ಲದ ಪತ್ರಕ್ಕೆ ಬೆಲೆ ಇಲ್ಲ. ಹಾಗಾಗಿ ಕಳಿಸುವ ಮುಂಚೆ ನೀವೇ ಹೋಗಿ ಅವರ ಹತ್ತಿರ ಮಾತಾಡಿ. ನಿಮ್ಮ ಬಾಯಿಂದ ಕೇಳೋದಕ್ಕೂ, ಒಂದು ದಿನ ಕಂಪ್ಯೂಟರ್ ತೆರೆದಾಗ ನಿಮ್ಮ ಆಕ್ಷೇಪಣೆ ಕಣ್ಣಿಗೆ ಬೀಳೋದಕ್ಕೂ ತುಂಬಾ ವ್ಯತ್ಯಾಸ ಇದೆ. ಎಷ್ಟೋ ಸಲ ಅವರ ಆರ್ಕಿಟೆಕ್ಟ್ ಸುಮ್ನೆ ಒಂದು ಕಿಟಕಿ ಇಟ್ಟಿರುತ್ತಾರೆ, ಮನೆಯವರಿಗೆ ಅದು ಬೇಕೇ ಬೇಕು ಅಂತೇನೂ ಇರಲ್ಲ.

ಏನು ಬರೆಯಬೇಕು ಅಂದರೆ, ಕೌನ್ಸಿಲ್ ಕಾನೂನಿನ ಪ್ರಕಾರ ಏನನ್ನು ಲೆಕ್ಕಕ್ಕೆ ತಗೊಳ್ಳಬಹುದೋ ಅದನ್ನು ಮಾತ್ರ. ಇಲ್ಲಿ ಅದಕ್ಕೆ ಮೆಟೀರಿಯಲ್ ಕನ್ಸಿಡರೇಶನ್ ಅಂತಾರೆ. ಅವರ ಕಿಟಕಿಯಿಂದ ನಿಮ್ಮ ಮನೆ, ಹಿತ್ತಲು ಕಾಣೋದು, ಬೆಳಕು ತಪ್ಪೋದು, ದೊಡ್ಡ ಗೋಡೆ ಮೈಮೇಲೇ ಬಂದ ಹಾಗೆ ಅನ್ನಿಸೋದು, ಟ್ರಾಫಿಕ್, ಪಾರ್ಕಿಂಗ್, ಮರ, ಕಟ್ಟಡದ ಆಕಾರ, ಇವೆಲ್ಲ ನಡೆಯುತ್ತೆ. ನಮ್ಮ ಮನೆಯ ಬೆಲೆ ಬೀಳುತ್ತೆ, ಕಿಟಕಿಯಿಂದ ಕಾಣೋ ನೋಟ ಹೋಗುತ್ತೆ, ಕೆಲಸದವರ ಗಲಾಟೆ, ಬೇಲಿ ಯಾರದು ಅನ್ನೋ ಜಗಳ, ಇವು ನಡೆಯಲ್ಲ. ನಡುಗೋಡೆಯ ವಿಷಯಕ್ಕೆ 1996ರ ಪಾರ್ಟಿ ವಾಲ್ ಕಾಯ್ದೆ ಬೇರೆಯೇ ಇದೆ, ಅದನ್ನು ಇದರಲ್ಲಿ ತರಬೇಡಿ.

ಈಗ ನಕ್ಷೆಗೆ ಬನ್ನಿ. ಸ್ಕೇಲ್ 1:100 ಇದ್ದು ಸರಿಯಾದ ಕಾಗದದ ಅಳತೆಯಲ್ಲಿ ಪ್ರಿಂಟ್ ತೆಗೆದರೆ 1 ಸೆಂಟಿಮೀಟರ್ ಅಂದರೆ 1 ಮೀಟರ್. ನಿಮ್ಮ ಅಡುಗೆಮನೆ ಕಿಟಕಿಯ ನಡುವಿನಿಂದ ಎಕ್ಸ್‌ಟೆನ್ಷನ್ ಕಡೆಗೆ 45 ಡಿಗ್ರಿ ಗೆರೆ ಎಳೆಯಿರಿ. ಕಟ್ಟಡ ಆ ಗೆರೆ ದಾಟಿದರೆ ಬೆಳಕಿನ ಪ್ರಶ್ನೆ ಗಟ್ಟಿಯಾಗಿ ಎತ್ತಬಹುದು. ತುಂಬಾ ಕೌನ್ಸಿಲ್‌ಗಳ ಡಿಸೈನ್ ಗೈಡ್‌ನಲ್ಲಿ ಈ ಲೆಕ್ಕ ಇದೆ. ನಿಮ್ಮ ಕೌನ್ಸಿಲ್‌ನ ಗೈಡ್ ಹುಡುಕಿ, ಅದರ ಪುಟದ ನಂಬರ್ ಕೊಟ್ಟೇ ಬರೆಯಿರಿ. ಕೌನ್ಸಿಲ್ ತನ್ನ ಲೋಕಲ್ ಪ್ಲಾನ್ (ತನ್ನ ಪ್ರದೇಶದಲ್ಲಿ ಏನು, ಹೇಗೆ ಕಟ್ಟಬಹುದು ಅನ್ನೋ ಯೋಜನೆ) ಪ್ರಕಾರವೇ ತೀರ್ಮಾನ ಮಾಡಬೇಕು, ಬೇರೆ ಮೆಟೀರಿಯಲ್ ಕನ್ಸಿಡರೇಶನ್ ಇದ್ದರೆ ಮಾತ್ರ ಅದನ್ನು ಮೀರಬಹುದು ಅಂತ 2004ರ ಪ್ಲಾನಿಂಗ್ ಕಾಯ್ದೆ ಹೇಳುತ್ತೆ.

ಕಿಟಕಿಗೆ "ಬೇಡ" ಅನ್ನೋದಕ್ಕಿಂತ ಷರತ್ತು ಕೇಳಿ. ಮಸುಕು ಗಾಜು ಇರಬೇಕು, ಕೋಣೆಯ ನೆಲದಿಂದ 1.7 ಮೀಟರ್ ಎತ್ತರದವರೆಗೆ ತೆರೆಯುವ ಹಾಗೆ ಇರಬಾರದು ಅಂತ. ಒಂದು ಕಿಟಕಿಗೋಸ್ಕರ ಇಡೀ ಅರ್ಜಿ ತಿರಸ್ಕರಿಸೋದು ಆಫೀಸರ್‌ಗೆ ಕಷ್ಟ. ಷರತ್ತು ಹಾಕೋದು ಅಷ್ಟು ಕಷ್ಟ ಅಲ್ಲ.

ಬೆಳಗಿನ ಬಸ್ಸು:

ಮೇಲೆ ಹೇಳಿದ್ದು ಪೂರ್ತಿ ನಿಜ. ನಾವು ಉಲ್ಟಾ ಮಾಡಿ ಸೋತವರು. ನಮ್ಮ ಬೀದಿಯಲ್ಲಿ ಒಂದು ಮನೆ ಕೆಡವಿ ಫ್ಲ್ಯಾಟ್ ಕಟ್ಟೋ ಅರ್ಜಿ ಬಂದಾಗ ಎಲ್ಲರೂ ಸೇರಿ ಒಂದೇ ಪತ್ರ ಬರೆದು ಸಹಿ ಹಾಕಿದೆವು. ಇಷ್ಟು ಜನ ಬೇಡ ಅಂದರೆ ಕೌನ್ಸಿಲ್ ಕೇಳಲೇಬೇಕು ಅಂದುಕೊಂಡಿದ್ದೆವು. ಇದು ವೋಟು ಅಲ್ಲ ಅಂತ ಆಮೇಲೆ ಗೊತ್ತಾಯಿತು. ಪತ್ರದಲ್ಲಿ ಅರ್ಧ ಮನೆ ಬೆಲೆ ಬಗ್ಗೆ, ಇನ್ನರ್ಧ ಆ ಬಿಲ್ಡರ್ ದುರಾಸೆ ಬಗ್ಗೆ. ವರದಿಯಲ್ಲಿ ನಮ್ಮೆಲ್ಲರ ಸಿಟ್ಟಿಗೆ ಒಂದೇ ಸಾಲಿನ ಉತ್ತರ ಇತ್ತು. ಅನುಮತಿ ಸಿಕ್ಕಿತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತೆ, ಯಾಕಂದರೆ ಆ ತಿರುವಿನಲ್ಲಿ ಮಕ್ಕಳು ರಸ್ತೆ ದಾಟೋ ಜಾಗದ ಬಗ್ಗೆ ನಿಜವಾದ ಸಮಸ್ಯೆ ಇತ್ತು, ಅದನ್ನು ಯಾರೂ ಬರೆಯಲೇ ಇಲ್ಲ.

ಇನ್ನೊಂದು ಮಾತು. ಅನುಮತಿ ಸಿಗದಿದ್ದರೆ ಅವರು ಅಪೀಲ್ ಹೋಗಬಹುದು. ಅನುಮತಿ ಸಿಕ್ಕಿದರೆ ನೆರೆಯವರಾದ ನಮಗೆ ಅಪೀಲ್ ಇಲ್ಲ. 6 ವಾರದೊಳಗೆ ಕೋರ್ಟಿಗೆ ಹೋಗಬಹುದು, ಆದರೆ ಕೌನ್ಸಿಲ್ ಕಾನೂನು ತಪ್ಪಿದೆ ಅಂತ ತೋರಿಸಬೇಕು, ಖರ್ಚೂ ಜಾಸ್ತಿ. ನಿಮ್ಮ ಹಾಗೆ ಮನೆ ಎಕ್ಸ್‌ಟೆನ್ಷನ್ ಅರ್ಜಿ ಅಪೀಲಿಗೆ ಹೋದರೆ ಸಾಮಾನ್ಯವಾಗಿ ಹೊಸದಾಗಿ ಬರೆಯೋಕೆ ಅವಕಾಶ ಕೊಡಲ್ಲ, ಈಗ ಬರೆದದ್ದನ್ನೇ ಮುಂದಕ್ಕೆ ಕಳಿಸುತ್ತಾರೆ. ಹೇಳೋದನ್ನೆಲ್ಲ ಈಗಲೇ ಹೇಳಿ.

ನಿಮ್ಮ ಬೀದಿಯ ಹಳೆಯ ಅರ್ಜಿಗಳ ವರದಿಗಳೂ ಅದೇ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಎರಡು ಮೂರು ಓದಿ. ಯಾವ ಮಾತಿಗೆ ಆಫೀಸರ್ ತಲೆಬಾಗಿದ್ದಾರೆ ಅಂತ ತಿಳಿಯುತ್ತೆ.

ಮೂಲೆಮನೆ:

ಇವರಿಗೆ ಅನ್ವಯಿಸಲ್ಲ, ಆದರೂ ಓದುವ ಬೇರೆಯವರಿಗೋಸ್ಕರ ಹೇಳುತ್ತೇನೆ. ಒಂದೇ ಅಂತಸ್ತಿನ ಹಿಂಬದಿ ಎಕ್ಸ್‌ಟೆನ್ಷನ್ ಆದರೆ, ಪಕ್ಕದ ಮನೆಗೆ ಅಂಟಿಕೊಂಡಿರುವ ಮನೆಯಲ್ಲಿ ಹಿಂದಿನ ಗೋಡೆಯಿಂದ 3 ಮೀಟರ್‌ವರೆಗೆ ಸಾಮಾನ್ಯವಾಗಿ ಪೂರ್ತಿ ಅರ್ಜಿ ಬೇಕಿಲ್ಲ. 6 ಮೀಟರ್‌ವರೆಗೆ ಹೋಗಬೇಕಾದರೆ ಕೌನ್ಸಿಲ್ ಪಕ್ಕದವರಿಗೆ ತಿಳಿಸುತ್ತೆ. ಪಕ್ಕದವರು ಯಾರೂ ಆಕ್ಷೇಪಣೆ ಮಾಡದಿದ್ದರೆ ಅವರಿಗಾಗುವ ತೊಂದರೆಯನ್ನು ಕೌನ್ಸಿಲ್ ಪರಿಶೀಲಿಸೋದೇ ಇಲ್ಲ. ನಮ್ಮ ಮಾವ ಆ ಕಾಗದವನ್ನು ಜಾಹೀರಾತು ಅಂದುಕೊಂಡು ಎಸೆದುಬಿಟ್ಟರು. ಈಗ ಅವರ ಊಟದ ಕೋಣೆಯಲ್ಲಿ ಹಗಲೂ ಲೈಟ್ ಹಾಕಬೇಕು. ದಯವಿಟ್ಟು ಕೌನ್ಸಿಲ್ ಕಾಗದ ಬಂದರೆ ತೆರೆದು ಓದಿ.

ಹಿತ್ತಲಬಾಗಿಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಅವರ ಮನೆಗೆ ಹೋಗಿ ಮಾತಾಡಿದೆ, ಎದೆ ಡವಡವ ಅಂತಿತ್ತು. ಆ ಕಿಟಕಿ ಮೆಟ್ಟಿಲ ಹತ್ತಿರದ್ದಂತೆ, ಮಸುಕು ಗಾಜಿಗೆ ಅವರದ್ದೇನೂ ತಕರಾರಿಲ್ಲ. ಮೇಲಂತಸ್ತಿನ ಉದ್ದ ಕಡಿಮೆ ಮಾಡೋಕೆ ಮಾತ್ರ ಒಪ್ಪಲಿಲ್ಲ. ಅದಕ್ಕೆ ಹೀಗೆ ಬರೆದಿದ್ದೇನೆ, ಸರಿ ಇದೆಯಾ? ಕಳಿಸೋದು ಇಂಗ್ಲಿಷ್‌ನಲ್ಲೇ.

"ಮೇಲಂತಸ್ತಿನ ಪಕ್ಕದ ಕಿಟಕಿ ನಮ್ಮ ಬೇಲಿಯಿಂದ 2 ಮೀಟರ್ ದೂರದಲ್ಲಿದೆ, ಅಲ್ಲಿಂದ ಹಿತ್ತಲು ಪೂರ್ತಿ ಕಾಣುತ್ತದೆ. ಅದಕ್ಕೆ ಮಸುಕು ಗಾಜಿನ ಷರತ್ತು ಹಾಕಲು ಕೋರುತ್ತೇವೆ. ನಮ್ಮ ಅಡುಗೆಮನೆ ಕಿಟಕಿಯಿಂದ ಎಳೆದ 45 ಡಿಗ್ರಿ ಗೆರೆಯನ್ನು ಮೇಲಂತಸ್ತು ಸುಮಾರು 1 ಮೀಟರ್ ದಾಟುತ್ತದೆ. ಅಷ್ಟು ಕಡಿಮೆ ಮಾಡಲು ಕೋರುತ್ತೇವೆ. ಕೆಳ ಅಂತಸ್ತಿಗೆ ನಮ್ಮ ಆಕ್ಷೇಪಣೆ ಇಲ್ಲ."

ಕಡತಗಳ ನಡುವೆ:

ಚೆನ್ನಾಗಿದೆ. ಕೊನೆಯ ಸಾಲು ತೆಗೆಯಬೇಡಿ, ನೀವು ಎಲ್ಲಕ್ಕೂ ಬೇಡ ಅನ್ನುವವರಲ್ಲ ಅಂತ ಅದರಿಂದ ಗೊತ್ತಾಗುತ್ತೆ. ಮಸುಕು ಗಾಜು "ಮುಂದೆಯೂ ಹಾಗೇ ಉಳಿಯಬೇಕು" ಅಂತ ಸೇರಿಸಿ, ಇಲ್ಲದಿದ್ದರೆ ನಾಳೆ ಬದಲಾಯಿಸಬಹುದು. 1.7 ಮೀಟರ್ ಮಾತು ಬಿಟ್ಟುಹೋಗಿದೆ, ಅದನ್ನೂ ಹಾಕಿ. ಅರ್ಜಿಯ ನಂಬರ್ ಮೇಲೆ ಬರೆಯಿರಿ. ಅಡುಗೆಮನೆ ಒಳಗಿಂದ ತೆಗೆದ ಒಂದು ಫೋಟೋ ಲಗತ್ತಿಸಿ, ಆಫೀಸರ್ ಒಮ್ಮೆ ನಿಮ್ಮ ಮನೆ ಒಳಗೆ ಬಂದು ನೋಡಲಿ ಅಂತಲೂ ಕೇಳಿ. ಎಷ್ಟೋ ಸಲ ನಾವು ಅರ್ಜಿದಾರರ ಹಿತ್ತಲಲ್ಲಿ ಮಾತ್ರ ನಿಂತು ನೋಡಿ ವಾಪಸ್ ಬರುತ್ತಿದ್ದೆವು.