ಮನೆಯಿಂದ ಕೆಲಸ ಮಾಡುವ ತಂಡದಲ್ಲಿ ಹೊಸಬರು ಏಕೆ ಪ್ರಶ್ನೆ ಕೇಳುವುದಿಲ್ಲ?

ತಂಡದ ಮುಖ್ಯಸ್ಥ, ಮೈಸೂರು:
ನಮ್ಮದು ಹನ್ನೊಂದು ಜನರ ಸಾಫ್ಟ್‌ವೇರ್ ತಂಡ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದವರು ಮತ್ತೆ ಕಚೇರಿಗೆ ಮರಳಲಿಲ್ಲ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಪುಣೆ ಎಂದು ಅವರವರ ಊರಿನಿಂದಲೇ ದುಡಿಯುತ್ತಿದ್ದೇವೆ. ಕೆಲಸವೇನೂ ನಿಂತಿಲ್ಲ, ಆದರೆ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರನ್ನು ತಲುಪುತ್ತಿಲ್ಲ. ತಂಡದ ಎಲ್ಲರೂ ಓದುವ ಚಾಟ್ ಚಾನೆಲ್‌ನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ತಂಡದ ಅತ್ಯಂತ ಹಿರಿಯರೊಬ್ಬರಿಗೆ ಮಾತ್ರ ಅವವೇ ಪ್ರಶ್ನೆಗಳು ಖಾಸಗಿಯಾಗಿ ಹೋಗುತ್ತಿರುತ್ತವೆ. ಕಳೆದ ವಾರ ರಾತ್ರಿ ಹತ್ತೂವರೆಗೂ ಅವರು ಉತ್ತರ ಬರೆಯುತ್ತಿದ್ದುದನ್ನು ಕಂಡು ನನಗೇ ಸಂಕೋಚವಾಯಿತು. ಕೆಲಸದ ಮಾಹಿತಿಯನ್ನು ತಂಡದವರೇ ಬರೆದಿಡುವ ವಿಕಿ ಪುಟಗಳನ್ನು ಬರೆಸಿದೆ. ಬರೆದವರನ್ನು ಬಿಟ್ಟರೆ ಓದಿದವರಿಲ್ಲ. ಬೇರೆ ದಾರಿ ಇದೆಯೇ?

ಮಾನವ ಸಂಪನ್ಮೂಲ ವಿಭಾಗದವರು, ಬೆಂಗಳೂರು:
ಇದು ನಿಮ್ಮೊಬ್ಬರ ತಂಡದ ತೊಂದರೆಯಲ್ಲ. ಅಮೆರಿಕದಲ್ಲಿರುವ ಮೈಕ್ರೋಸಾಫ್ಟ್‌ನ 61,182 ನೌಕರರು 2020ರ ಮೊದಲ ಆರು ತಿಂಗಳಲ್ಲಿ ಪರಸ್ಪರ ಸಂಪರ್ಕಿಸಿದ ಬಗೆಯನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರೂ ಮನೆಯಿಂದ ದುಡಿಯತೊಡಗಿದ ಮೇಲೆ ಗುಂಪುಗಳ ನಡುವಿನ ಕೊಂಡಿಗಳು ಕಡಿಮೆಯಾದುದೂ, ನೇರ ಮಾತಿನ ಜಾಗವನ್ನು ಇಮೇಲ್ ಮತ್ತು ಚಾಟ್ ಹೆಚ್ಚು ಹೆಚ್ಚಾಗಿ ಆಕ್ರಮಿಸಿದುದೂ ಕಂಡುಬಂದಿತ್ತು. ವಿಕಿಯ ವಿಷಯಕ್ಕೆ ಬಂದರೆ, ಕೆಲಸದ ಕ್ರಮವನ್ನು ಪುಟದಲ್ಲಿ ಬರೆಯಬಹುದು. ಸರ್ವರ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕೆಂಬ ಅಂದಾಜನ್ನು ಬರೆಯುವುದು ಕಷ್ಟ.

ಎರಡು ವರ್ಷದ ಅನುಭವದವಳು, ಶಿವಮೊಗ್ಗ:
ಹೊಸಬರ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಸರ್. ಕಚೇರಿಯಲ್ಲಾದರೆ ಪಕ್ಕದವರ ಮುಖ ನೋಡಿ, ಬಿಡುವಾಗಿದ್ದಾರೆಂದು ತಿಳಿದು ಕೇಳಬಹುದು. ಪೆದ್ದು ಪ್ರಶ್ನೆಯಾದರೂ ಅದು ಅಲ್ಲಿಗೇ ಮರೆತುಹೋಗುತ್ತದೆ. ಚಾನೆಲ್‌ನಲ್ಲಿ ಬರೆದದ್ದು ಹಾಗೆಯೇ ಉಳಿಯುತ್ತದೆ, ಮತ್ತು ವರ್ಷಾಂತ್ಯದಲ್ಲಿ ನಮ್ಮ ಮೌಲ್ಯಮಾಪನ ಬರೆಯುವವರೂ ಅದನ್ನು ಓದಿರುತ್ತಾರೆ. ನನ್ನ ಹಿಂದಿನ ಕೆಲಸದಲ್ಲಿ ಒಂದು ಪ್ರಶ್ನೆಗೆ ಹಿರಿಯರೊಬ್ಬರು "ವಿಕಿಯಲ್ಲಿದೆ" ಎಂದಷ್ಟೇ ಉತ್ತರಿಸಿದರು. ಅಲ್ಲಿಂದ ಐದು ತಿಂಗಳು ನಾನು ಎಲ್ಲರೆದುರು ಏನನ್ನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಬಗೆಹರಿಯುವುದಕ್ಕೆ ಎರಡೆರಡು ದಿನ ಒದ್ದಾಡಿದೆ, ನಿದ್ದೆಯೂ ಕೆಟ್ಟಿತು.

ಹದಿನೈದು ವರ್ಷದ ಅನುಭವದವರು, ಧಾರವಾಡ:
ಈ ತಂಗಿ ಹೇಳಿದ್ದೇ ಮೂಲ ಕಾರಣವೆಂದು ನನಗೂ ಅನ್ನಿಸುತ್ತದೆ. ನಾನು ಮಾಡಿದ್ದು ಇಷ್ಟೇ: ನನಗೆ ಗೊತ್ತಿಲ್ಲದ್ದನ್ನು ಮೊದಲು ನಾನೇ ಚಾನೆಲ್‌ನಲ್ಲಿ ಕೇಳತೊಡಗಿದೆ. ಖಾಸಗಿಯಾಗಿ ಬಂದ ಪ್ರಶ್ನೆಯನ್ನು, ಕೇಳಿದವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಅಲ್ಲಿ ಹಾಕಿ ಉತ್ತರ ಬರೆದೆ. ಬುಧವಾರ ಒಂದು ಗಂಟೆ ಸ್ಕ್ರೀನ್ ತೋರಿಸುತ್ತ, ನಿಜವಾದ ದೋಷವೊಂದನ್ನು ಬಾಯಿಬಿಟ್ಟು ಯೋಚಿಸುತ್ತಲೇ ಸರಿಪಡಿಸುತ್ತೇನೆ. ನಾನು ದಾರಿ ತಪ್ಪಿ ಪೇಚಾಡುವುದನ್ನೂ ಹೊಸಬರು ನೋಡುತ್ತಾರೆ, ಪ್ರಶ್ನೆಗಳು ಹುಟ್ಟುವುದು ಅಲ್ಲಿಯೇ. ರಾತ್ರಿಯ ಉತ್ತರಗಳನ್ನು ಮಾತ್ರ ನೀವೇ ನಿಲ್ಲಿಸಬೇಕು. ಕೆಲಸದ ವೇಳೆಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದಲೇ ಕಾನೂನಿನಲ್ಲಿದೆ. ನಮ್ಮಲ್ಲಿ ಮುಖ್ಯಸ್ಥರು ಹೇಳದೆ ಯಾರೂ ಫೋನ್ ಕೆಳಗಿಡುವುದಿಲ್ಲ.

ತಂಡದ ಮುಖ್ಯಸ್ಥ, ಮೈಸೂರು:
ಮೌಲ್ಯಮಾಪನ ಬರೆಯುವವನು ನಾನೇ. ಚಾನೆಲ್‌ನಲ್ಲಿ ನಾನೂ ಇದ್ದೇನೆಂಬುದು ತಡೆಯಾಗಬಹುದೆಂದು ಈವರೆಗೆ ಹೊಳೆದಿರಲಿಲ್ಲ. ನಾಳೆ ಬೆಳಿಗ್ಗೆ ಅಲ್ಲಿ ಮೊದಲ ಪ್ರಶ್ನೆ ನನ್ನದೇ ಆಗಿರುತ್ತದೆ. ಬರೆದ ಕೋಡನ್ನು ಬಳಕೆಗೆ ಸಿದ್ಧವಾದ ಸಾಫ್ಟ್‌ವೇರ್ ಆಗಿಸುವ ಹೊಸ ಬಿಲ್ಡ್ ವ್ಯವಸ್ಥೆ ನನಗೆ ಇನ್ನೂ ಅರ್ಥವಾಗಿಲ್ಲ.