ಅಪ್‌ಡೇಟ್: ಹಾಸನದ ಫಲಪುಷ್ಪ ಪ್ರದರ್ಶನದ ಸೇವಂತಿಗೆ ಉಳಿಯಿತು

ಹೋದ ವಾರ ಕೇಳಿದ್ದೆನಲ್ಲ, ಬೇಲೂರು ದೇವಸ್ಥಾನದ ನಕ್ಷತ್ರಾಕಾರದ ಜಗತಿಯನ್ನು (ಗುಡಿ ನಿಂತಿರುವ ಎತ್ತರದ ಕಟ್ಟೆ) ಹೂವಲ್ಲಿ ಮಾಡುತ್ತಿದ್ದೇವೆ, ಫೋಮ್‌ಗೆ (ನೀರು ಹೀರಿಕೊಂಡು ಹೂವನ್ನು ಹಿಡಿದಿಡುವ ಹಸಿರು ಇಟ್ಟಿಗೆಯಂಥದ್ದು) ಚುಚ್ಚಿದ ಸೇವಂತಿಗೆ ಮಾರನೇ ದಿನಕ್ಕೇ ಬಾಡುತ್ತಿದೆ ಅಂತ. ಸರಿಹೋಯಿತು!

ಫೋಮ್ ನೆನೆಸುವಾಗ ಅದನ್ನು ನೀರಿಗೆ ಒತ್ತಿ ಮುಳುಗಿಸಬೇಡಿ ಅಂದವರ ಮಾತೇ ನಿಜ. ಹಳೇ ತುಂಡೊಂದನ್ನು ಚಾಕುವಿನಿಂದ ಸೀಳಿ ನೋಡಿದೆ. ಹೊರಗೆಲ್ಲ ಕಡುಹಸಿರು, ಒದ್ದೆ. ನಡುವೆ ತಿಳಿಹಸಿರು, ಬೆರಳಿಟ್ಟರೆ ಪುಡಿಪುಡಿ. ಹೂವಿನ ಕಡ್ಡಿಯ ತುದಿ ಸರಿಯಾಗಿ ಅಲ್ಲೇ ನಿಂತಿತ್ತು! ಒತ್ತಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ನೀರು ಹೋಗುವುದಿಲ್ಲ. ಈಗ ನೀರಿನ ಮೇಲೆ ಸುಮ್ನೆ ಬಿಡುತ್ತೇವೆ, ತಾನೇ ಮುಳುಗುತ್ತದೆ. ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, 2 ಗಂಟೆ ಬಕೆಟ್‌ನಲ್ಲಿಟ್ಟು ಆಮೇಲೆ ಚುಚ್ಚಿದೆವು. 4 ದಿನ ನಿಂತಿತು.

ಹೂವಿನ ಮೇಲೆ ಜಾಸ್ತಿ ನೀರು ಚಿಮುಕಿಸಿದ್ದು ಮಾತ್ರ ನಮಗೆ ಸರಿಹೋಗಲಿಲ್ಲ. ಎಸಳ ನಡುವೆ ನೀರು ನಿಂತು ಕಂದು ಕಲೆ ಬಂತು. ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.