ಆಟೋಮ್ಯಾಟಿಕ್‌ನಲ್ಲಿ 6 ಗೇರ್ ಸಾಕಾ, 8–10 ಬೇಕೇ ಬೇಕಾ? ಓಡಿಸಿರೋರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತ ಎರಡು ತಿಂಗಳಿಂದ ಹುಡುಕ್ತಾ ಇದೀನಿ, ಕೊನೆಗೆ ಎರಡು ಗಾಡಿಗೆ ಬಂದು ನಿಂತಿದೆ. ಎರಡೂ ಟರ್ಬೊ ಪೆಟ್ರೋಲ್, ಎರಡೂ ಆಟೋಮ್ಯಾಟಿಕ್, ಒಂದರಲ್ಲಿ 6 ಗೇರು, ಇನ್ನೊಂದರಲ್ಲಿ 8. ನನ್ನ ಭಾವಮೈದ ಕೇಳಿದ ತಕ್ಷಣ "6 ಗೇರಾ? 10 ಗೇರಿನ ಕಾಲ ಭಾವ ಇದು" ಅಂತ ನಕ್ಕುಬಿಟ್ಟ. ನಾನು ಇಪ್ಪತ್ತು ವರ್ಷ 5 ಗೇರಿನ ಮ್ಯಾನ್ಯುವಲ್ ಓಡಿಸಿರೋನು, ಟಾಪ್ ಗೇರ್ ಹಾಕಿದ್ಮೇಲೆ ಅದರ ಮೇಲೆ ಇನ್ನೂ ಐದು ಗೇರು ಹಾಕೋಕೆ ಜಾಗ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಮುಕ್ಕಾಲು ಪಾಲು ಸಿಟಿ ಓಡಾಟ, ತಿಂಗಳಿಗೊಂದ್ಸಲ ಹೈವೇ, ವರ್ಷಕ್ಕೆ ಎರಡು ಸಲ ಬೆಟ್ಟದ ದಾರಿ. ಬ್ರೋಷರ್‌ನಲ್ಲಿ ಬರೆದಿರೋದು ಬೇಡ, ನೀವು ಓಡಿಸಿ ಕಂಡಿದ್ದು ಹೇಳಿ.

ಉತ್ತರ 1

ಜಾಗ ಮೇಲಿಲ್ಲ ಸರ್, ಮಧ್ಯದಲ್ಲಿದೆ, ಜೊತೆಗೆ ಎರಡೂ ತುದೀಲಿ ಸ್ವಲ್ಪ ಸ್ವಲ್ಪ ಎಳೆದಿರ್ತಾರೆ. ನಾನು 4 ಗೇರಿಂದು ಆರು ವರ್ಷ ಓಡಿಸಿದೆ, ಈಗ ನಾಲ್ಕು ವರ್ಷದಿಂದ 8 ಗೇರಿಂದು. ರೇಶಿಯೋ (ಗೇರ್‌ಬಾಕ್ಸ್‌ನಿಂದ ಒಂದು ಸುತ್ತು ಹೊರಗೆ ಬರೋಕೆ ಇಂಜಿನ್ ಎಷ್ಟು ಸುತ್ತು ತಿರುಗ್ಬೇಕು ಅನ್ನೋ ಅಂಕಿ) ಪಟ್ಟಿ ಮುಂದಿಟ್ಕೊಂಡು ಲೆಕ್ಕ ಹಾಕೋ ಚಟ ಇದೆ, ಬೇಜಾರಾದ್ರೆ ಮುಂದಿನ ಪ್ಯಾರಾ ಬಿಟ್ಟುಬಿಡಿ.

ಜಿಎಂನ ಹಳೇ 4 ಗೇರಿನ ಬಾಕ್ಸ್ ಒಂದರಲ್ಲಿ ಫಸ್ಟ್ 3.06, ಸೆಕೆಂಡ್ 1.63, ಥರ್ಡ್ 1.00, ಟಾಪ್ 0.70. ಜೆಡ್‌ಎಫ್ ಕಂಪನಿಯ 8 ಗೇರಿನದ್ರಲ್ಲಿ ಫಸ್ಟ್ 4.71, ಟಾಪ್ 0.67. ಫಸ್ಟನ್ನ ಟಾಪ್‌ನಿಂದ ಭಾಗಿಸಿ ನೋಡಿ, ಹಳೇದು 4.37, ಹೊಸದು 7.03. ಈ ಅಂಕಿ ದೊಡ್ಡದಿದ್ರೆ ಏನು ಲಾಭ ಅಂದ್ರೆ ಹಿಂದಿನ ಆಕ್ಸಲ್‌ನ ಫೈನಲ್ ರೇಶಿಯೋ (ಗೇರ್‌ಬಾಕ್ಸ್ ಆದ್ಮೇಲೆ ಚಕ್ರಕ್ಕೆ ಮುಂಚೆ ಬರೋ ಕೊನೇ ರೇಶಿಯೋ) ಇಳಿಸ್ಬಹುದು. ಹಳೇದಕ್ಕೆ 3.9, ಹೊಸದಕ್ಕೆ 3.15 ಅಂತ ಇಟ್ಕೊಳ್ಳಿ, ಟೈರ್ ಒಂದು ಸುತ್ತಿಗೆ 2 ಮೀಟರ್ ಹೋಗುತ್ತೆ ಅನ್ಕೊಳ್ಳಿ, 100 ಕಿ.ಮೀ. ಸ್ಪೀಡಲ್ಲಿ ಚಕ್ರ ನಿಮಿಷಕ್ಕೆ 833 ಸುತ್ತು ಹೊಡೆಯುತ್ತೆ. ಹಳೇದ್ರಲ್ಲಿ ಇಂಜಿನ್ ಸುಮಾರು 2,275 ಆರ್‌ಪಿಎಂ, ಹೊಸದ್ರಲ್ಲಿ 1,750. ಅಷ್ಟಾಗಿಯೂ ಫಸ್ಟ್ ಗೇರಲ್ಲಿ ಹಳೇದು ಟಾರ್ಕನ್ನ (ಇಂಜಿನ್ನಿನ ತಿರುಗಿಸೋ ಬಲ) ಸುಮಾರು 12 ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತೆ, ಹೊಸದು 15 ಪಟ್ಟು ಹತ್ರ. ನಿಂತಲ್ಲಿಂದ ಎತ್ತೋಕೂ ಬಲ, ಹೈವೇಲಿ ಇಂಜಿನ್ನಿಗೂ ಆರಾಮ, ಎರಡೂ ಸಿಕ್ತು. 4 ಗೇರಲ್ಲಿ ಇದೆರಡೂ ಒಟ್ಟಿಗೆ ಕೊಡೋಕೆ ಹೋದ್ರೆ ಗೇರಿಂದ ಗೇರಿಗೆ ಹಾರೋ ದೂರ ಸಿಕ್ಕಾಪಟ್ಟೆ ಜಾಸ್ತಿ ಆಗುತ್ತೆ. ಈಗಲೇ ಹಳೇದ್ರಲ್ಲಿ 4,000 ಆರ್‌ಪಿಎಂ‌ನಲ್ಲಿ ಫಸ್ಟಿಂದ ಸೆಕೆಂಡಿಗೆ ಬಿದ್ರೆ 2,130ಕ್ಕೆ ಇಳಿಯುತ್ತೆ, ಬಾವಿಗೆ ಕೊಡ ಬಿಟ್ಟ ಹಾಗೆ. ಹೊಸದ್ರಲ್ಲಿ ಮೂರರಿಂದ ನಾಲ್ಕಕ್ಕೆ ಹೋದಾಗ 3,170 ಹತ್ರ ನಿಲ್ಲುತ್ತೆ.

ಉತ್ತರ 2

ಲೆಕ್ಕ ಎಲ್ಲ ಸರಿ ಸ್ವಾಮಿ, ಆದ್ರೆ ನಂದು ಇವತ್ತಿಗೂ 4 ಗೇರಿಂದೇ, 2 ಲಕ್ಷ ಕಿ.ಮೀ. ದಾಟಿದೆ, ಗೇರ್‌ಬಾಕ್ಸ್ ಬಿಚ್ಚಿಲ್ಲ. 1939ರಲ್ಲಿ ಓಲ್ಡ್ಸ್‌ಮೊಬೈಲ್‌ಗೆ ಹೈಡ್ರಾಮ್ಯಾಟಿಕ್ ಅಂತ ಬಂತಲ್ಲ, ಅದರಲ್ಲೇ 4 ಗೇರಿತ್ತು. ಆಮೇಲೆ ಶೆವರ್ಲೆ ಪವರ್‌ಗ್ಲೈಡ್ ಅಂತ ಎರಡೇ ಗೇರಿಂದು 1950ರಿಂದ 1973ರವರೆಗೂ ಮಾರ್ತಾನೇ ಇತ್ತು. ಎರಡೇ ಗೇರು! ಜನ ಆಫೀಸಿಗೂ ಹೋದ್ರು, ಬೆಟ್ಟಾನೂ ಹತ್ತಿದ್ರು. ಹಾಗಾಗಿ "ಬೇಕೇ ಬೇಕಾ" ಅಂದ್ರೆ ನನ್ನ ಉತ್ತರ ಬೇಡ. ನನ್ನ ಗಾಡಿ ಓವರ್‌ಟೇಕಲ್ಲಿ ಕೂಗುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಅದನ್ನ ಸುಳ್ಳು ಅನ್ನಲ್ಲ.

ಉತ್ತರ 1 (ಮತ್ತೆ)

ಆ ಎರಡು ಗೇರು ನಡೀತು ಯಾಕಂದ್ರೆ ಎದುರಿಗೆ ದೊಡ್ಡ ಇಂಜಿನ್ ಇತ್ತು, ಸಾಲದ್ದಕ್ಕೆ ಟಾರ್ಕ್ ಕನ್ವರ್ಟರ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಆಯಿಲ್ ಮೂಲಕ ಬಲ ದಾಟಿಸೋ ಭಾಗ) ಜಾರ್ತಾ ಜಾರ್ತಾ ಗೇರಿನ ಕೆಲಸ ಅರ್ಧ ತಾನೇ ಮಾಡ್ತಿತ್ತು. ಆ ಜಾರಾಟ ಎಲ್ಲ ಆಯಿಲ್‌ನಲ್ಲಿ ಬಿಸಿಯಾಗಿ ಹೋಗೋ ಪೆಟ್ರೋಲು. ಈಗಿನದ್ರಲ್ಲಿ ಗೇರು ಹತ್ರ ಹತ್ರ ಇರೋದ್ರಿಂದ ಆ ಜಾರಾಟ ನಿಲ್ಲಿಸೋ ಲಾಕಪ್ ಕ್ಲಚ್ ಬೇಗ ಹಿಡ್ಕೊಳ್ಳುತ್ತೆ, ನಿಂತಲ್ಲಿಂದ ಹೊರಟಾಗ ಬಿಟ್ರೆ ಹೆಚ್ಚುಕಮ್ಮಿ ಮ್ಯಾನ್ಯುವಲ್ ಥರ ನೇರ ಹಿಡಿತ.

ಉತ್ತರ 3

ನಾನು ಭಾವಮೈದನ ಮಾತು ಕೇಳಿ ಕೆಟ್ಟೋನು (ನನ್ನ ಕೇಸಲ್ಲಿ ಆಫೀಸಿನ ಗೆಳೆಯ). 9 ಗೇರಿನ ಮುಂದಿನ ಚಕ್ರದ ಡ್ರೈವ್ ಗಾಡಿ ತಗೊಂಡೆ, ಕಂಪನಿ ಹೆಸರು ಬೇಡ. ಮೂರು ವರ್ಷದಲ್ಲಿ ಡಿಸ್‌ಪ್ಲೇಲಿ 9 ಅನ್ನೋ ಅಂಕಿ ನೋಡಿದ್ದು ಬೆರಳಲ್ಲಿ ಎಣಿಸ್ಬಹುದು, ಯಾಕಂದ್ರೆ 120ರ ಆಸುಪಾಸು ಸ್ಪೀಡ್ ಹೋಗದೆ ಅದು ಬೀಳೋದೇ ಇಲ್ಲ, ನಾನು ಅಷ್ಟು ಸ್ಪೀಡ್ ಹೋಗೋನೇ ಅಲ್ಲ. ದುಡ್ಡು ಕೊಟ್ಟು ಮನೆಗೆ ತಂದ ನೆಂಟ, ಮುಖಾನೇ ತೋರಿಸಲ್ಲ.

ಅದಾದ್ರೂ ಹೋಗ್ಲಿ, ಸಿಟೀಲಿ ಪಟ್ಟ ಪಾಡು ಬೇರೆ. ಸಿಗ್ನಲ್‌ಗೆ ಮುಂಚೆ ನಿಧಾನ ಮಾಡ್ತೀನಿ, ಅದು ನಾಲ್ಕರಿಂದ ಮೂರಕ್ಕೆ ಎರಡಕ್ಕೆ ಇಳೀತಾ ಇರುತ್ತೆ, ಅಷ್ಟರಲ್ಲಿ ಹಸಿರು ಬರುತ್ತೆ, ಕಾಲು ಎಕ್ಸಲರೇಟರ್ ಮೇಲೆ ಇಡ್ತೀನಿ, ಗಾಡಿ ಒಂದು ಸೆಕೆಂಡ್ ಯೋಚನೆ ಮಾಡಿ ಡುಬ್ ಅಂತ ಒದೆಯುತ್ತೆ, ಹಿಂದಿನ ಸೀಟಲ್ಲಿ ಮಗಳ ನೀರಿನ ಬಾಟಲ್ ಉರುಳುತ್ತೆ. ದಿನಕ್ಕೆ ಹತ್ತು ಸಲ. ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿದ್ಮೇಲೆ ಎಷ್ಟೋ ಮೇಲು, ಅಂದ್ರೆ ಕಬ್ಬಿಣ ಅದೇ, ಗೇರೂ ಅಷ್ಟೇ, ಯಾವಾಗ ಯಾವುದು ಹಾಕ್ಬೇಕು ಅನ್ನೋ ಬುದ್ಧಿ ಮಾತ್ರ ಬದಲಾಗಿದ್ದು. ಅವತ್ತೇ ನಂಗೆ ಅರ್ಥ ಆಗಿದ್ದು, ನಾವು ಓಡಿಸೋದು ಗೇರಿನ ಸಂಖ್ಯೆನಲ್ಲ, ಆ ಕಂಪ್ಯೂಟರನ್ನ.

ಉತ್ತರ 4

ನಾನು ಗ್ಯಾರೇಜ್ ನಡೆಸೋನು, ಆಟೋಮ್ಯಾಟಿಕ್ ಗೇರ್‌ಬಾಕ್ಸೇ ಜಾಸ್ತಿ ಬಿಚ್ಚೋದು. ಎಲ್ಲರೂ ಕೇಳೋದು ಒಂದೇ, "ಗೇರು ಜಾಸ್ತಿ ಆದ್ರೆ ರಿಪೇರೀನೂ ಜಾಸ್ತಿ ಅಲ್ವಾ ಅಣ್ಣ". ಯಾವಾಗ್ಲೂ ಹಂಗಲ್ಲ. ಜೆಡ್‌ಎಫ್ 2001ರಲ್ಲಿ ತಂದ 6 ಗೇರಿನದ್ರಲ್ಲಿ ಗೇರು ಹಾಕೋಕೆ ಒಳಗಿರೋ ಕ್ಲಚ್ಚು ಬ್ರೇಕು ಎಲ್ಲ ಸೇರಿ ಐದು, 2009ರಲ್ಲಿ ತಂದ 8 ಗೇರಿನದ್ರಲ್ಲೂ ಐದೇ. ಗ್ರಹಚಕ್ರದ ಸೆಟ್ಟು (ಪ್ಲಾನೆಟರಿ ಗೇರು, ನಡುವಿನ ಹಲ್ಲಿನ ಚಕ್ರದ ಸುತ್ತ ಸಣ್ಣ ಚಕ್ರ ಸುತ್ತೋದು) ಜೋಡಿಸಿರೋ ರೀತಿ ಬದಲಾಯಿಸಿ ಎರಡು ಗೇರು ಹೆಚ್ಚಿಗೆ ತೆಗೆದಿದಾರೆ. ಮೊದಲನೇದ್ರಲ್ಲಿ ಯಾವ ಗೇರಲ್ಲಿದ್ರೂ ಎರಡು ಹಿಡಿದಿರುತ್ತೆ ಮೂರು ಬಿಟ್ಟಿರುತ್ತೆ, ಎರಡನೇದ್ರಲ್ಲಿ ಮೂರು ಹಿಡಿದಿರುತ್ತೆ ಎರಡೇ ಬಿಟ್ಟಿರೋದು. ಬಿಟ್ಟಿರೋ ಕ್ಲಚ್ ಪ್ಲೇಟು ಆಯಿಲಲ್ಲಿ ಸುಮ್ನೆ ಉಜ್ಜಾಡ್ತಾ ಶಕ್ತಿ ತಿನ್ನುತ್ತೆ, ಅದು ಕಮ್ಮಿ ಆಯ್ತು. ಮೈಲೇಜ್ ಬರೀ ಗೇರಿಂದ ಬಂದಿದ್ದಲ್ಲ, ಇದ್ರಿಂದಾನೂ ಬಂತು.

ನನ್ನ ಹತ್ರ ಬರೋ ಸತ್ತ ಗೇರ್‌ಬಾಕ್ಸ್ ನೂರಕ್ಕೆ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ, ಆದ್ರೆ ಸಂಪು (ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿದ ತಕ್ಷಣ ಕಥೆ ಗೊತ್ತಾಗುತ್ತೆ. ಆಯಿಲು ಕಪ್ಪು ಕಷಾಯ, ಸುಟ್ಟ ವಾಸನೆ, ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಗಡ್ಡದ ಥರ ಬೆಳೆದಿರುತ್ತೆ. ಕೇಳಿದ್ರೆ "ಲೈಫ್‌ಟೈಮ್ ಆಯಿಲ್ ಅಂದಿದ್ರು" ಅಂತಾರೆ. ಯಾರ ಲೈಫು? ಗೇರ್‌ಬಾಕ್ಸ್ ಮಾಡೋ ಜೆಡ್‌ಎಫ್ ತಾನೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ, ಇಲ್ಲಾ 8 ವರ್ಷಕ್ಕೆ, ಬದಲಾಯಿಸಿ ಅನ್ನುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು 6ನಾ 8ನಾ ಅಂತ ತಲೆ ಕೆಡಿಸ್ಕೊಳ್ಳೋ ಬದಲು ಆಯಿಲ್ ಬದಲಾಯಿಸಿದ ಬಿಲ್ ಕೇಳಿ.

ಉತ್ತರ 5

ಬೆಟ್ಟದ ದಾರಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನಮ್ಮದು 8 ಗೇರು, ಅಮ್ಮಂಗೆ ತಿರುವಿನ ರಸ್ತೆ ಅಂದ್ರೆ ವಾಂತಿ. ಡಿ ನಲ್ಲೇ ಬಿಟ್ಟು ಹತ್ತಿಸಿದ್ರೆ ತಿರುವಿಗೆ ಕಾಲು ತೆಗೆದಾಗ ಐದಕ್ಕೆ ಏರುತ್ತೆ, ತಿರುವು ಮುಗಿದು ಒತ್ತಿದ ತಕ್ಷಣ ಮೂರಕ್ಕೆ ಇಳಿಯುತ್ತೆ, ಮತ್ತೆ ನಾಲ್ಕು, ಮತ್ತೆ ಮೂರು. ಗೇರು ಜಾಸ್ತಿ ಇದ್ದಷ್ಟೂ ಈ ಗೊಂದಲ ಜಾಸ್ತಿ ಅನ್ಸುತ್ತೆ ನಂಗೆ, ಅಂಗಡೀಲಿ ಸೀರೆ ಜಾಸ್ತಿ ತೋರಿಸಿದ್ರೆ ಆರಿಸೋಕೆ ಆಗದೇ ಇರೋ ಹಾಗೆ. ಈಗ ನಾನು ಹತ್ತೋವಾಗಲೇ ಮ್ಯಾನ್ಯುವಲ್ ಮೋಡ್‌ಗೆ ಎಳೆದು ಮೂರರಲ್ಲೇ ಇಟ್ಬಿಡ್ತೀನಿ. ಆರ್‌ಪಿಎಂ ಸ್ವಲ್ಪ ಜಾಸ್ತಿ, ಗಾಡಿ ಮಾತ್ರ ಒಂದೇ ಹದದಲ್ಲಿ ಹೋಗುತ್ತೆ, ಅಮ್ಮ ಕಣ್ಣು ಮುಚ್ಚಿ ಕೂತಿರ್ತಾರೆ, ನಿಂಬೆಹಣ್ಣು ಕೈಯಲ್ಲೇ ಉಳಿಯುತ್ತೆ. ಇಳಿಯೋವಾಗ ಇನ್ನೂ ಮುಖ್ಯ, ಎರಡು ಅಥವಾ ಮೂರರಲ್ಲಿ ಇಂಜಿನ್ನೇ ಗಾಡಿ ಹಿಡ್ಕೊಳ್ಳುತ್ತೆ, ಬ್ರೇಕ್ ಕಾಯಲ್ಲ. ಇಲ್ಲಿ ಗೇರು ಹತ್ರ ಹತ್ರ ಇರೋದು ನಿಜವಾಗ್ಲೂ ಉಪಯೋಗ, ಎರಡು ಅತಿಯಾಯ್ತು ಅಂದ್ರೆ ಮೂರು, ಮೂರು ಸಾಲದು ಅಂದ್ರೆ ಎರಡು, ಮಧ್ಯದಲ್ಲಿ ದೊಡ್ಡ ಹಳ್ಳ ಇಲ್ಲ.

ಇನ್ನೊಂದು, ಹೈವೇಲಿ ಲಾರಿ ಹಿಂದೆ ಎಂಟರಲ್ಲಿ ಸುಮ್ನೆ ಹೋಗ್ತಿದ್ದು ಸಡನ್ ಆಗಿ ಪೂರ್ತಿ ಒತ್ತಿದ್ರೆ ಅದು ಏಳು ಆರು ಐದು ಅಂತ ಮೆಟ್ಟಿಲು ಇಳಿಯಲ್ಲ, ನೇರ ನಾಲ್ಕಕ್ಕೆ ಹಾರುತ್ತೆ. ಆದ್ರೂ ಆ ಅರೆ ಕ್ಷಣ ಇದ್ದೇ ಇದೆ. ನಾನು ಓವರ್‌ಟೇಕ್‌ಗೆ ಮುಂಚೆನೇ ಸ್ಪೋರ್ಟ್‌ಗೆ ಹಾಕ್ಕೊಂಡು ಕಾಯ್ತೀನಿ.

ಉತ್ತರ 6

ನಂದು ಎಲೆಕ್ಟ್ರಿಕ್. ಒಂದೇ ಗೇರು. ನೀವು ಕಿತ್ತಾಡಿ 😄

ಉತ್ತರ 2 (ಮತ್ತೆ)

ಬಂದ್ರಪ್ಪಾ. ಮೋಟರ್ ನಿಂತಲ್ಲೇ ಪೂರ್ತಿ ಟಾರ್ಕ್ ಕೊಡುತ್ತೆ, ಹತ್ತು ಸಾವಿರ ಸುತ್ತು ದಾಟಿದ್ರೂ ಸುಸ್ತಾಗಲ್ಲ, ಅದಕ್ಕೆ ಗೇರು ಯಾಕೆ ಬೇಕು. ಆದ್ರೂ ಪೋರ್ಷೆ ಟೈಕಾನ್‌ಗೆ ಹಿಂದೆ ಎರಡು ಗೇರು ಇಟ್ಟಿದಾರೆ ನೋಡಿ, ನನ್ನ ಪವರ್‌ಗ್ಲೈಡ್ ಲೆಕ್ಕಾನೇ!

ಉತ್ತರ 1 (ಮತ್ತೆ)

ನಗಬೇಡಿ, ಅದೇ ಪಾಯಿಂಟು. ಇಂಜಿನ್ನಿನ ಸ್ವಭಾವ ನೋಡಿ ಗೇರು ಎಷ್ಟು ಬೇಕು ಅಂತ ಹೇಳ್ಬೇಕು. ಟರ್ಬೊ ಇಲ್ಲದ ಸಣ್ಣ ಇಂಜಿನ್ ಆದ್ರೆ ಮೇಲಿನ ಆರ್‌ಪಿಎಂ‌ನಲ್ಲಿ ಮಾತ್ರ ಜೀವ ಇರೋದು, ಅದಕ್ಕೆ ಹತ್ರದ ಗೇರು ಬೇಕು. ಪ್ರಶ್ನೆ ಕೇಳಿದವರ ಎರಡೂ ಗಾಡಿ ಟರ್ಬೊ ಅಂದಿದಾರೆ, ಟರ್ಬೊ ಕೆಳಗಿಂದಲೇ ಚಪ್ಪಟೆಯಾಗಿ ಟಾರ್ಕ್ ಕೊಡುತ್ತೆ, ಗೇರು ಎರಡು ಕಮ್ಮಿ ಇದ್ರೂ ಕ್ಷಮಿಸುತ್ತೆ.

ಇನ್ನು 10ರ ಮಾತು. ನಾನು ಮೊದಲು ಹೇಳಿದ ಫಸ್ಟ್ ಭಾಗಿಸು ಟಾಪ್ ಲೆಕ್ಕದಲ್ಲಿ ಹಳೇ 4 ಗೇರಿಗೆ 4.37, ಜೆಡ್‌ಎಫ್ 6ಕ್ಕೆ 6.04, 8ಕ್ಕೆ 7.03, ಫೋರ್ಡ್-ಜಿಎಂ ಸೇರಿ ಮಾಡಿದ 10ಕ್ಕೆ 7.4 ಹತ್ರ. 4ರಿಂದ 6ಕ್ಕೆ ದೊಡ್ಡ ನೆಗೆತ, 6ರಿಂದ 8ಕ್ಕೆ ಚಿಕ್ಕದು, 8ರಿಂದ 10ಕ್ಕೆ ಚೂರೇ ಚೂರು. 6ರಿಂದ 8ಕ್ಕೆ ಹೋದಾಗ ಜೆಡ್‌ಎಫ್ ತಾನೇ ಹೇಳ್ಕೊಂಡಿದ್ದು ಶೇ. 6ರಷ್ಟು ಉಳಿತಾಯ, ಅದೂ ಟೆಸ್ಟ್ ಲೆಕ್ಕ. ಲಕ್ಷಗಟ್ಟಲೆ ಕಾರು ಮಾರೋ ಕಂಪನಿಗೆ ಸರ್ಕಾರದ ಹೊಗೆ ಲೆಕ್ಕ ದಾಟೋಕೆ ಶೇ. 2 ಸಿಕ್ಕಿದ್ರೂ ಹಬ್ಬ, ಅದಕ್ಕೇ ಮಾಡ್ತಾರೆ. ಭಾರ ಎಳೆಯೋ ಪಿಕಪ್ ಟ್ರಕ್‌ಗೆ 10 ಅರ್ಥ ಇದೆ. ಮುಕ್ಕಾಲು ಪಾಲು ಸಿಟಿ ಓಡಿಸೋರಿಗೆ ಕಾಲು ಒತ್ತೋ ರೀತಿಯಲ್ಲೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಎರಡನ್ನೂ ಮತ್ತೆ ಓಡಿಸಿದೆ, ಈ ಸಲ ಹತ್ತು ನಿಮಿಷ ಅಲ್ಲ, ಮುಕ್ಕಾಲು ಗಂಟೆ. 8 ಗೇರಿಂದು ಹೈವೇಲಿ ನಿಜಕ್ಕೂ ಚೆನ್ನಾಗಿದೆ, 100ರಲ್ಲಿ ಮುಳ್ಳು 1,800 ದಾಟಲಿಲ್ಲ, ಸದ್ದೇ ಇಲ್ಲ. 6 ಗೇರಿಂದು ಅದೇ ಸ್ಪೀಡಲ್ಲಿ 2,100, ಪಕ್ಕದಲ್ಲಿ ಇನ್ನೊಂದು ಗಾಡಿ ಇಲ್ಲದೇ ಇದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಆದ್ರೆ ಸಿಗ್ನಲ್ ಹತ್ರ ನಿಧಾನ ಮಾಡಿ ಮತ್ತೆ ಒತ್ತೋ ಟೆಸ್ಟ್ (9 ಗೇರಿನವರು ಹೇಳಿದ್ದು) ನಾಲ್ಕೈದು ಸಲ ಮಾಡಿದೆ, 8ರದ್ದು ಎರಡು ಸಲ ಒದೀತು, 6ರದ್ದು ಬೆಣ್ಣೆ. ಬಿಲ್ ಕೇಳಿದೆ, 8ರ ಓನರ್ "ಇದಕ್ಕೆ ಆಯಿಲ್ ಬದಲಾಯಿಸೋದೇ ಬೇಡ" ಅಂದ್ರು, ಗಾಡಿ 1.1 ಲಕ್ಷ ಓಡಿದೆ. 6ರವರು 75 ಸಾವಿರಕ್ಕೆ ಬದಲಾಯಿಸಿದ ಬಿಲ್ ಫೈಲಿಂದ ತೆಗೆದುಕೊಟ್ರು. ಅದಕ್ಕೇ ಅಡ್ವಾನ್ಸ್ ಕೊಟ್ಟು ಬಂದೆ, ಭಾವಮೈದಂಗೆ ಇನ್ನೂ ಹೇಳಿಲ್ಲ. ಈಗ 92 ಸಾವಿರ ಆಗಿದೆ, ಗ್ಯಾರೇಜಿನವರೇ, ಮುಂದಿನ ಆಯಿಲ್ ಯಾವಾಗ?

ಉತ್ತರ 4 (ಮತ್ತೆ)

ಸಿಟಿ ಓಡಾಟ ಜಾಸ್ತಿ ಅಂದ್ರಿ, ಒಂದೂವರೆ ಲಕ್ಷ ಆಗೋ ಹೊತ್ತಿಗೆ ಮಾಡ್ಸಿ, ಫಿಲ್ಟರ್ ಜೊತೆಗೆ. ಕಂಪನಿ ಹೇಳಿದ ಆಯಿಲೇ ಹಾಕ್ಸಿ, ಡಬ್ಬದ ಮೇಲಿನ ನಂಬರ್ ನೀವೇ ಓದಿ ನೋಡಿ. ಮಟ್ಟ ನೋಡೋವಾಗ ಇಂಜಿನ್ ಸ್ಟಾರ್ಟ್ ಆಗಿರ್ಬೇಕು, ಆಯಿಲು ಎಷ್ಟು ಡಿಗ್ರಿ ಇರ್ಬೇಕು ಅಂತ ಸರ್ವಿಸ್ ಬುಕ್ಕಲ್ಲಿ ಕೊಟ್ಟಿರ್ತಾರೆ. ಸ್ಕ್ಯಾನರ್ ಹಾಕದೆ ಕೈ ಇಟ್ಟು ಬಿಸಿ ನೋಡೋ ಹುಡುಗ ಸಿಕ್ಕಿದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ.